ತೂಕದ ಕೋಣೆಗೆ ಮರಳಿ ಬಾರದವರು

ಕಾವ್ಯಾ,

ನಿನಗೆ ಆಸ್ಪತ್ರೆಯ ಕೌನ್ಸೆಲಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು ಎಂದು ನಿಮ್ಮಪ್ಪ ಹೇಳಿದ ದಿನ ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು. ಆ ಸಂಜೆ ನೀನೇ ಮೈಸೂರಿನಿಂದ ಫೋನು ಮಾಡಿ, "ಅಜ್ಜೀ, ನೀನೂ ಇಂಥ ಕಡೆನೇ ಇದ್ದೆಯಲ್ಲ, ಅಲ್ಲಿ ನಿಜವಾಗ್ಲೂ ಏನು ಕೆಲಸ ಮಾಡ್ತಿದ್ದೆ?" ಎಂದು ಕೇಳಿದೆ. "ತೂಕ ನೋಡೋದು ಕಣಮ್ಮ" ಎಂದು ಹೇಳಿ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ನಾನು ಮೊದಲಿನಿಂದಲೂ ಬಾಯಿ ಸತ್ತವಳು. ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಿ ಬಂದೀತೇನೋ ನೋಡುತ್ತೇನೆ. ನಿನ್ನ ತಮ್ಮ ಮನುವೂ ಓದಲಿ.

ನಿಮ್ಮ ತಾತ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲಿದ್ದರು. ಅವರು ಹೋದ ಮೇಲೆ ಆ ಮನೆ ಬಿಟ್ಟು ಕಾಡುಗೋಡಿಗೆ ನಿಮ್ಮಪ್ಪನ ಹತ್ತಿರ ಬಂದೆ. ಸುಮ್ಮನೆ ಕೂರಲಾರದೆ ವೈಟ್‌ಫೀಲ್ಡ್ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿಕೊಂಡೆ. ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು. ಆ ಕೆಲಸ ನನಗೆ ಒಗ್ಗಿತ್ತು, ಯಾರ ಜೊತೆಯೂ ಮಾತಾಡಬೇಕಾಗಿರಲಿಲ್ಲ.

ಆ ಆಸ್ಪತ್ರೆಯಲ್ಲಿ ದಪ್ಪ ಇಳಿಸುವ ಆಪರೇಷನ್ನಿನ ವಿಭಾಗ ಒಂದಿತ್ತು. ಅಲ್ಲಿ ಕೌನ್ಸೆಲರ್ ಆಗಿ ಶೈನಿ ಮೇಡಂ ಬಂದರು. ಕೇರಳದವರು, ಓದಿದ್ದು ಕೊಯಮತ್ತೂರಿನಲ್ಲಿ. ತಮಿಳು ನೀರು ಕುಡಿದ ಹಾಗೆ ಮಾತಾಡುತ್ತಿದ್ದರು, ಕನ್ನಡ ಬರುತ್ತಿರಲಿಲ್ಲ. ನಾನು ಆನೇಕಲ್ಲಿನ ಆಚೆ, ಅರ್ಧ ಊರು ತಮಿಳು ಮಾತಾಡುವ ಹಳ್ಳಿಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ಒಂದು ದಿನ ಕಾರಿಡಾರಿನಲ್ಲಿ ದಾರಿ ತಪ್ಪಿದ್ದ ಒಬ್ಬ ಮುದುಕಿಗೆ ತಮಿಳಿನಲ್ಲಿ ದಾರಿ ತೋರಿಸುತ್ತಿದ್ದೆ. ಮೇಡಂ ಅದನ್ನು ಕೇಳಿಸಿಕೊಂಡರು. ಮರುದಿನವೇ ನನ್ನ ಕೈಯಿಂದ ಮಾಪ್ ಹೋಯಿತು. "ನೀವು ತೂಕ ನೋಡಿ, ನನ್ನ ಪಕ್ಕ ಕೂತ್ಕೊಂಡು ನಾನು ತಮಿಳಲ್ಲಿ ಹೇಳಿದ್ದನ್ನ ಅವರಿಗೆ ಕನ್ನಡದಲ್ಲಿ ಹೇಳಿ, ಅವರು ಹೇಳಿದ್ದನ್ನ ನನಗೆ ಹೇಳಿ, ಅಷ್ಟೇ" ಎಂದರು. ಅಷ್ಟೇ ಎಂದು ನಾನೂ ಅಂದುಕೊಂಡೆ.

ಆ ಆಪರೇಷನ್ ಏನೆಂದು ನಿನಗೆ ಗೊತ್ತು, ಮನುವಿಗೆ ಗೊತ್ತಿಲ್ಲ. ವಿಪರೀತ ದಪ್ಪವಿದ್ದು ಸಕ್ಕರೆ ಕಾಯಿಲೆ, ಮಂಡಿನೋವು, ಉಸಿರು ಕಟ್ಟುವುದು ಎಲ್ಲ ಸೇರಿಕೊಂಡವರಿಗೆ ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡಿ ಕರುಳನ್ನು ಬೇರೆ ದಾರಿಯಲ್ಲಿ ಜೋಡಿಸುತ್ತಾರೆ. ಮೊದಲ ವರ್ಷ ತೂಕ ತಾನಾಗಿ ಇಳಿಯುತ್ತದೆ. ಮನೆಯವರು ಹಳೆಯ ರವಿಕೆ ಹಿಡಿದು ತೋರಿಸಿ ನಗುತ್ತಾರೆ. ನಿಜವಾದ ಕಷ್ಟ ಆಮೇಲೆ. ಚೀಲ ಚಿಕ್ಕದಾದರೂ ಮನುಷ್ಯ ಅದೇ ಮನುಷ್ಯ. ಬೇಜಾರಾದಾಗ, ಸಿಟ್ಟು ನುಂಗಿಕೊಂಡಾಗ, ಒಬ್ಬರೇ ಇದ್ದಾಗ ಬಾಯಿಗೆ ಹೋಗುತ್ತಿದ್ದ ಕೈ ಮತ್ತೆ ಹೋಗುತ್ತದೆ. ಒಂದೇ ಸಲ ತಿನ್ನಲಾಗದಿದ್ದರೆ ದಿನವಿಡೀ ಚೂರು ಚೂರು. ಗಟ್ಟಿಯದು ಇಳಿಯದಿದ್ದರೆ ಮೆತ್ತಗಿನದು, ಕುಡಿಯುವಂಥದ್ದು. ತೂಕ ಮೆಲ್ಲಗೆ ಏರುತ್ತದೆ. ಹಾಗೆ ತೂಕ ಏರಿದವರು ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಅವರನ್ನು ಬೈಯದೆ, ಬಿಡದೆ ಹಿಡಿದುಕೊಂಡು ಮಾತಾಡಿಸುವುದೇ ಶೈನಿ ಮೇಡಂ ಕೆಲಸ.

ನಾನು ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ನಮ್ಮೂರಿನ ಸೊಸೈಟಿಯಲ್ಲಿ ತಕ್ಕಡಿ ಹಿಡಿದವನು ತೂಕವನ್ನು ಕೂಗುತ್ತಿದ್ದ, ಒಳಗೆ ಕೂತವನು ಬರೆದುಕೊಳ್ಳುತ್ತಿದ್ದ. ನಾನು ಕಂಡಿದ್ದು ಅದೊಂದೇ. ತೂಕದ ಮೆಷಿನ್ ಆಗ ಕಾರಿಡಾರಿನಲ್ಲೇ ಇತ್ತು, ಬರೆದುಕೊಳ್ಳುವ ಸಿಸ್ಟರ್ ಒಳಗೆ ಕೂರುತ್ತಿದ್ದರು. ಒಬ್ಬೊಬ್ಬರನ್ನೇ ಹತ್ತಿಸಿ ನಾನು "ನೂರಾ ಹದಿನೆಂಟೂ" ಎಂದು ಕೂಗಿ ಹೇಳುತ್ತಿದ್ದೆ. ಮಾತಾಡಲು ನಾಚುವವಳಿಗೆ ಕೂಗಲು ಮಾತ್ರ ಹೇಗೆ ಬಂತೋ. ಬ್ರೂಕ್‌ಫೀಲ್ಡ್ ಕಡೆಯ ಒಬ್ಬ ಸಾಫ್ಟ್‌ವೇರಿನವರು ಮೆಷಿನ್ನಿನಿಂದ ಇಳಿದು, ಕುತ್ತಿಗೆಯ ಐಡಿ ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಾ ಹೇಳಿದರು: "ಅಕ್ಕ, ಸ್ವಲ್ಪ ಮೆಲ್ಲಗೆ. ಲಿಫ್ಟ್ ಹತ್ರ ಇರೋರು ಕೆಜಿಗೆ ಎಷ್ಟು ಅಂತ ಕೇಳ್ಕೊಂಡು ಬಂದ್ಬಿಟ್ಟಾರು."

ನಾನು ನಕ್ಕೆ. ಅವರೂ ನಕ್ಕರು. ಆದರೆ ಅವರ ಕಿವಿ ಕೆಂಪಗಾಗಿತ್ತು. ಮೇಡಂ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ನನಗೇನೂ ಅನ್ನಲಿಲ್ಲ. ಮಧ್ಯಾಹ್ನಕ್ಕೆಲ್ಲ ಮೆಷಿನ್ನನ್ನು ಒಳಗಿನ ಚಿಕ್ಕ ಕೋಣೆಗೆ ಹಾಕಿಸಿ, ಅಂಕಿ ಕಾಣುವ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಅವರು ಕೇಳಿದರೆ ಮಾತ್ರ ತೋರಿಸಿ. ಕೇಳದಿದ್ದರೆ ಸುಮ್ಮನೆ ಬರೆದುಕೊಳ್ಳಿ" ಎಂದರು. ಬದಲಾಯಿಸಿದ್ದು ಅಷ್ಟೇ, ಆದರೆ ಅದಾದ ಮೇಲೆ ಜನ ಮೆಷಿನ್ ಹತ್ತುವಾಗ ಉಸಿರು ಬಿಗಿಹಿಡಿಯುವುದು ಕಡಿಮೆಯಾಯಿತು. ನಾನೂ ಪಾಠ ಕಲಿತೆ ಅಂದುಕೊಂಡೆ. ತಪ್ಪು ಪಾಠ ಕಲಿತಿದ್ದೆ. ಜನರ ನಾಚಿಕೆಯನ್ನು ಮುಚ್ಚಿಡಬೇಕು ಅನ್ನುವುದೊಂದೇ ನನ್ನ ತಲೆಯೊಳಗೆ ಕೂತದ್ದು.

ಆ ತಪ್ಪು ಎಲ್ಲಿಗೆ ಮುಟ್ಟಿತು ಅನ್ನುವುದನ್ನೇ ನಿನಗೆ ಹೇಳಬೇಕಾಗಿರುವುದು.

ಮೇಡಂ ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ ಒಂದಿತ್ತು. ಯಾರೂ ನೋಡದಿರುವಾಗ ತಿನ್ನುತ್ತೀರಾ, ಏನು ತಿನ್ನುತ್ತೀರಿ, ಆಗ ಮನಸ್ಸಿನಲ್ಲಿ ಏನಿರುತ್ತದೆ. ಇಡೀ ಚಿಕಿತ್ಸೆ ಅದರ ಮೇಲೆ ನಿಂತಿತ್ತು. ಆದರೆ ತಮಿಳಿನಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದ ಕೂಡಲೆ ಅದು "ಕದ್ದು ತಿಂತೀರಾ" ಎಂದು ಆಗಿಬಿಡುತ್ತಿತ್ತು. ನಮ್ಮ ಕಡೆ ಸೊಸೆಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ಒಂದು ಹಿಡಿ ಹುರಿದ ಕಡಲೆಕಾಯಿ ಸೆರಗಿಗೆ ಕಟ್ಟಿಕೊಂಡು ಹಿತ್ತಲಿನಲ್ಲಿ ತಿಂದಿದ್ದೆ. ಸಿಪ್ಪೆ ನನ್ನತ್ತೆಯ ಕಣ್ಣಿಗೆ ಬಿತ್ತು. ಬಂದವರಿಗೆಲ್ಲ ನೀರು ಕೊಡುವ ಮೊದಲು ಆ ಸಂಗತಿ ಹೇಳುತ್ತಿದ್ದರು. ಆ ಮಾತನ್ನು ನನಗಿಂತ ದೊಡ್ಡವರಿಗೆ, ಮಕ್ಕಳು ಮರಿ ಇರುವವರಿಗೆ, ಎದುರು ಕೂತು ಹೇಗೆ ಕೇಳಲಿ?

ಅದಕ್ಕೇ ಬದಲಾಯಿಸಿ ಕೇಳುತ್ತಿದ್ದೆ. ಮೇಡಂ ಕೇಳಿದ್ದು ಒಂದು, ನಾನು ಕನ್ನಡದಲ್ಲಿ ಹೇಳುತ್ತಿದ್ದುದು, "ಊಟ ಎಲ್ಲ ಸರಿಯಾಗಿ ಮಾಡ್ತಿದ್ದೀರಾ ಅಮ್ಮ?"

"ಹೂಂ ಕಣವ್ವ, ನೀವು ಹೇಳಿದಂಗೇ."

ನಾನು ಮೇಡಂ ಕಡೆ ತಿರುಗಿ, "ಹಾಗೆಲ್ಲ ಇಲ್ಲವಂತೆ ಮೇಡಂ" ಎನ್ನುತ್ತಿದ್ದೆ.

ಮೇಡಂ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ನನಗೆ ಇದು ಸುಳ್ಳು ಅನ್ನಿಸಲಿಲ್ಲ. ಮರ್ಯಾದೆ ಅನ್ನಿಸಿತು. ಬಂದವರು ಹೋಗುವಾಗ "ಆಯಮ್ಮ ತುಂಬ ಒಳ್ಳೇವ್ಳು" ಅನ್ನುತ್ತಿದ್ದರು. ಅದು ನನಗೆ ಹಿತವಾಗಿತ್ತು.

ಮುನಿರತ್ನಮ್ಮ ಬಂದದ್ದು ಆಗ. ಸರ್ಜಾಪುರದ ಹತ್ತಿರದ ಹಳ್ಳಿಯವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಗಂಡ ಹೆಂಡತಿ ಸೇರಿ ಮೆಸ್ ನಡೆಸುತ್ತಿದ್ದರು. ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಗಾರೆ, ಕಂಬಿ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿದ್ದ ಗಂಡಸರಿಗೆ ಎರಡು ಹೊತ್ತು ಊಟ. ರೊಟ್ಟಿ ತಟ್ಟಲು ಆ ಕಡೆಯ ಇಬ್ಬರು ಹೆಂಗಸರಿದ್ದರು, ಅನ್ನ ಸಾರು ಪಲ್ಯ ಇವಳದು. ಸಕ್ಕರೆ ಕಾಯಿಲೆ ಮೇಲೇರಿ, ಮಂಡಿ ಮಡಿಸಲಾಗದೆ, ಒಲೆ ಮುಂದೆ ನಿಂತರೆ ಏದುಸಿರು ಬಂದು ಆಪರೇಷನ್ನಿಗೆ ಒಪ್ಪಿಕೊಂಡಿದ್ದಳು.

ನಗಿಸುವ ಹೆಂಗಸು. ಆಪರೇಷನ್ ಆದ ಹೊಸತರಲ್ಲಿ ಬಂದು, "ಅಷ್ಟು ಆಳಿಗೆ ಬಡಿಸಿ, ನಾನು ಮಗೀನಂಗೆ ಚಮಚದಾಗೆ ಗಂಜಿ ಕುಡೀತಾ ಕೂತಿರ್ತೀನಲ್ಲಕ್ಕ, ನಮ್ಮ ರೊಟ್ಟಿಯೋರು ನನ್ ಬಾಯಿ ಒರೆಸೋಕೆ ಬಟ್ಟೆ ತಂದಿಡ್ತಾರೆ" ಎಂದಳು. ಒಂದು ವರ್ಷದಲ್ಲಿ ಅರ್ಧಕ್ಕರ್ಧ ಇಳಿದಳು. ಸಕ್ಕರೆ ಮಾತ್ರೆ ನಿಂತಿತು. ವಿಭಾಗದ ದೊಡ್ಡ ಡಾಕ್ಟ್ರು ಅವಳ ಫೋಟೋ ತೆಗೆಸಿ ಕಾರಿಡಾರಿನಲ್ಲಿ ಹಾಕಿಸಬೇಕೆಂದರು. ಅವಳು ಒಲ್ಲೆ ಎಂದಳು. "ಎಷ್ಟು ಚೆನ್ನಾಗಿ ಕಾಣ್ತೀಯ ರತ್ನಮ್ಮ, ಕೊಡು, ನಾಲ್ಕು ಜನಕ್ಕೆ ಧೈರ್ಯ ಬರತ್ತೆ" ಎಂದು ಒಪ್ಪಿಸಿದವಳು ನಾನೇ. ಹಳೆಯ ರವಿಕೆಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಗುತ್ತಿರುವ ಆಳೆತ್ತರದ ಫೋಟೋ ಗೋಡೆಗೆ ಬಂತು.

ಎರಡನೇ ವರ್ಷ ತೂಕ ಏರತೊಡಗಿತು. ಸ್ವಲ್ಪ, ಮತ್ತೆ ಸ್ವಲ್ಪ. ಅವಳು ಮೆಷಿನ್ ಹತ್ತಿ ಅಂಕಿ ಕೇಳುವುದನ್ನು ಬಿಟ್ಟಳು. ಒಂದು ಸಲ ಮೇಡಂ ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಅವಳ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೇಳಿದರು. ಎಲ್ಲರೂ ಮಲಗಿದ ಮೇಲೋ, ಹೊರಗೆ ಹೋದ ಮೇಲೋ, ನೀವು ಒಬ್ಬರೇ ಇದ್ದಾಗ ತಿನ್ನುವುದು ಉಂಟಾ, ಅದನ್ನು ನನಗೆ ಹೇಳಿದರೆ ನಾನು ತಪ್ಪು ತಿಳಿಯುವುದಿಲ್ಲ. ಇಷ್ಟು ಉದ್ದದ ಮಾತು. ನಾನು ರತ್ನಮ್ಮನ ಕೈ ನೋಡಿದೆ. ಒಗ್ಗರಣೆಯ ಎಣ್ಣೆ ಸಿಡಿದ ಕಲೆಗಳಿರುವ ಕೈ. ದಿನಾ ಅಷ್ಟು ಜನಕ್ಕೆ ಅನ್ನ ಹಾಕುವ ಕೈಯನ್ನು ಹಿಡಿದು ಕದ್ದು ತಿಂತೀಯಾ ಎಂದು ಕೇಳುವುದೇ?

"ಊಟ ಸರಿಯಾಗಿ ನಡೀತಿದೆಯಾ ರತ್ನಮ್ಮ?" ಎಂದೆ.

ಅವಳು ಮೇಡಂ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹೂಂ ಕಣಕ್ಕ" ಎಂದಳು. ಆವತ್ತು ಹೋದವಳು ಮತ್ತೆ ಬರಲಿಲ್ಲ.

ಬಾರದವರಿಗೆ ಫೋನು ಮಾಡುವುದೂ ನನ್ನ ಕೆಲಸವಾಗಿತ್ತು. ಕಾವ್ಯಾ, ನಿನಗೂ ಈ ಕೆಲಸ ಬರುತ್ತದೆ. ಆಪರೇಷನ್ನಿಗೆ ಮುಂಚೆ ಗಂಟೆಗೊಮ್ಮೆ ಫೋನು ಮಾಡುತ್ತಿದ್ದವರು ತೂಕ ಏರಿದ ಮೇಲೆ ನಮ್ಮ ನಂಬರು ನೋಡಿದರೆ ಎತ್ತುವುದಿಲ್ಲ. ಎತ್ತಿದವರೂ ತಾವಲ್ಲ ಅನ್ನುತ್ತಾರೆ. ರತ್ನಮ್ಮನಿಗೆ ಮಾಡಿದಾಗ ಅವಳೇ ಎತ್ತಿ, ಅವಳದೇ ಧ್ವನಿಯಲ್ಲಿ, "ರಾಂಗ್ ನಂಬರ್ ಕಣ್ರೀ" ಎಂದಳು. ಹಿಂದುಗಡೆ ಕುಕ್ಕರ್ ಕೂಗುತ್ತಿತ್ತು. ಯಾರೋ "ರತ್ನಮ್ಮಕ್ಕಾ, ಸಾರು ಖಾಲಿರೀ" ಎಂದು ಕರೆಯುತ್ತಿದ್ದರು. ನಾನು "ಸಾರಿ ಅಮ್ಮ" ಎಂದು ಇಟ್ಟುಬಿಟ್ಟೆ. ಅವಳ ಮಾನ ಕಾಪಾಡಿದೆ ಅಂದುಕೊಂಡೆ.

ದೊಡ್ಡ ಡಾಕ್ಟ್ರು ಒಮ್ಮೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು. "ಏನಮ್ಮ ಇದು, ಇಂಗ್ಲಿಷ್ ಮಾತಾಡೋ ಪೇಷಂಟ್‌ಗಳಲ್ಲಿ ತೂಕ ಜಾಸ್ತಿ ಆದೋರೂ ಮೇಡಂ ಹತ್ರ ವಾಪಸ್ ಬರ್ತಾರೆ. ಆ ಐಡಿ ಕಾರ್ಡಿನ ಮನುಷ್ಯ ಮಿಲ್ಕ್‌ಶೇಕ್ ಕುಡ್ಕೊಂಡು ಹತ್ತು ಕೆಜಿ ಏರಿದ್ದ, ಬಂದು ಅತ್ತು, ಮತ್ತೆ ಇಳಿಸಿದ. ನಮ್ಮ ಕನ್ನಡದೋರು ಯಾಕೆ ಕೈಬಿಟ್ಟು ಹೋಗ್ತಾರೆ?"

"ದೂರ ಆಗತ್ತೆ ಸಾರ್. ಬಸ್ಸು ಸರಿಯಾಗಿಲ್ಲ" ಎಂದೆ.

ಆಮೇಲೆ ಮೆಟ್ರೋ ಬಂತು. ಅವರು ಬರಲಿಲ್ಲ.

ಇಂಗ್ಲಿಷ್ ಬಲ್ಲವರು ಮೇಡಂ ಜೊತೆ ನೇರ ಮಾತಾಡುತ್ತಿದ್ದರು. ಅವರ ನಡುವೆ ನಾನಿರುತ್ತಿರಲಿಲ್ಲ. ಇದು ನನಗೆ ಹೊಳೆಯಲಿಲ್ಲ ಎಂದು ಹೇಳಲಾರೆ. ಹೊಳೆಯಿತು, ಆದರೆ ಓದಿದವರಿಗೆ ಬುದ್ಧಿ ಜಾಸ್ತಿ, ಅದಕ್ಕೇ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಒಂದು ಭಾನುವಾರ ಸರ್ಜಾಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೊರಟಿದ್ದೆ. ಊರೊಳಗೆ ಬಸ್ಸು ನಿಂತಾಗ ಮುಂದಿನ ಬಾಗಿಲಿನಿಂದ ಕೊತ್ತಂಬರಿ ಸೊಪ್ಪಿನ ಚೀಲ ಹೊತ್ತ ಒಬ್ಬ ದಪ್ಪ ಹೆಂಗಸು ಇಳಿದಳು. ಅವಳ ಎಡಗಾಲಿನ ಚಪ್ಪಲಿ ಮೆಟ್ಟಿಲಿನಲ್ಲೇ ಉಳಿಯಿತು. ತಿರುಗಿ ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ. ಸುಡುವ ಟಾರ್ ರಸ್ತೆಯ ಮೇಲೆ ಒಂದೇ ಚಪ್ಪಲಿಯಲ್ಲಿ ನಡೆದುಕೊಂಡು ಹೋಗುತ್ತಲೇ ಇದ್ದಳು. ನಾನು ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದೆ. ಹತ್ತಿರ ಹೋದಾಗ ಅವಳು ಮುನಿರತ್ನಮ್ಮ.

"ರತ್ನಮ್ಮ, ಚಪ್ಪಲಿ" ಎಂದೆ.

ಅವಳು ನನ್ನನ್ನು ಗುರುತಿಸಿದಳು. ಮುಖ ಕಪ್ಪಿಟ್ಟಿತು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು, ಬೇರೆ ಯಾರದೋ ಕಾಲು ನೋಡುವ ಹಾಗೆ.

"ಇತ್ತೀಚೆಗೆ ಇಂಗೇ ಅಕ್ಕ. ಕಾಲು ಐತೋ ಇಲ್ವೋ ಗೊತ್ತಾಗಲ್ಲ. ಮೊನ್ನೆ ಕೆಂಡ ತುಳಿದಿದೀನಿ, ವಾಸನೆ ಬಂದ್ಮೇಲೆ ಗೊತ್ತಾಯ್ತು."

ಈ ಆಪರೇಷನ್ ಆದವರಿಗೆ ಉಂಡ ಊಟದ ಸಾರ ಪೂರ್ತಿ ಮೈಗೆ ಸೇರುವುದಿಲ್ಲ. ಶಕ್ತಿಯ ಮಾತ್ರೆಗಳನ್ನು ಸಾಯುವ ತನಕ ತಿನ್ನಬೇಕು, ಇಲ್ಲದಿದ್ದರೆ ನರ ಸೋಲುತ್ತದೆ ಎಂದು ಡಾಕ್ಟ್ರು ಎಲ್ಲರಿಗೂ ಹೇಳುವುದನ್ನು ಕೇಳಿದ್ದೆ.

"ಮಾತ್ರೆ ತಿಂತಿದ್ದೀಯಾ?"

"ಯಾಕಕ್ಕ ತಿನ್ನಲಿ? ಇಷ್ಟು ಊದ್ಕೊಂಡಿರೋಳಿಗೆ ಶಕ್ತಿ ಕಮ್ಮಿ ಅಂತ ಮೆಡಿಕಲ್ ಸ್ಟೋರಿನಾಗೆ ನಿಂತು ಕೇಳಿದ್ರೆ ನಗಲ್ವಾ?"

ಬಸ್ ಸ್ಟಾಪಿನ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಆಸ್ಪತ್ರೆಗೆ ಬಾ ಎಂದೆ. ಬರಲ್ಲ ಎಂದಳು. "ಆ ಗೋಡೆ ಮ್ಯಾಲೆ ನನ್ನ ಫೋಟೋ ನಗ್ತಾ ನಿಂತೈತಲ್ಲ, ಅದರ ಮುಂದೆ ಈ ಮೈ ಹೊತ್ಕೊಂಡು ನಡೀಬೇಕಾ ನಾನು? ಒಂದ್ ಸಲ ಲಿಫ್ಟ್ ತನಕ ಬಂದಿದ್ದೆ. ಯಾರೋ ಇಬ್ರು ಅದನ್ನ ನೋಡ್ತಾ ನಿಂತಿದ್ರು. ಅಂಗೇ ಇಳ್ದು ಬಂದ್ಬಿಟ್ಟೆ."

"ಮೇಡಂಗೆ ಹೇಳಿದ್ರೆ ಏನಾದ್ರೂ ಮಾಡ್ತಿದ್ರು ರತ್ನಮ್ಮ."

ಅವಳು ಸೊಪ್ಪಿನ ಚೀಲದ ಬಾಯಿ ಬಿಗಿದಳು.

"ಯೋಳ್ಬೇಕು ಅಂತ್ಲೇ ಬಂದಿದ್ದೆ, ಕೊನೇ ಸಲ. ಮೇಡಂ ಕೇಳಿದ್ರು ಕೂಡ. ನನ್ ತವರು ಬಾಗಲೂರು ಅಕ್ಕ. ಹೊಸೂರಿನ ಪಕ್ಕ. ಅವರು ತಮಿಳಿನಾಗೆ ಕೇಳಿದ್ದೆಲ್ಲ ನನಗೆ ಅರ್ಥ ಆಗ್ತಿತ್ತು."

ನನ್ನ ಕೈಯಲ್ಲಿ ಅವಳ ಚಪ್ಪಲಿ ಹಾಗೇ ಇತ್ತು.

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ನೀವು ನಡುವೆ ಕೂತಿದ್ರಿ, ಆಸ್ಪತ್ರೇಲಿ ಇಂಗೇ ಅಂದ್ಕಂಡೆ. ಅವರು ಕೇಳಿದ್ದಕ್ಕೆ ಉತ್ತರ ನನ್ ಬಾಯಾಗೇ ಇತ್ತು ಅಕ್ಕ. ಆದ್ರೆ ನೀವು ಅದನ್ನ ಬಿಟ್ಟು ಬೇರೇನೇ ಕೇಳಿದ್ರಿ. ಪ್ರತಿ ಸಲನೂ. ಇಷ್ಟು ವರ್ಷ ಆಸ್ಪತ್ರೇಲಿ ಮಲ ಮೂತ್ರ ಎತ್ತಿದೋರು, ನೀವೇ ಆ ಮಾತು ಬಾಯಲ್ಲಿ ಆಡೋಕೆ ಹೇಸ್ಕೊಂಡ್ರಿ ಅಂದ್ಮೇಲೆ, ಅದು ಎಂಥಾ ಹೊಲಸು ಕೆಲ್ಸ ಇರಬೇಕು. ಅದನ್ನ ಮಾಡೋಳು ಹೆಂಗೆ ಯೋಳ್ಲಿ?"

ಅವಳು ಬೈದು ಹೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದಳು. ನನ್ನ ಅತ್ತೆ ಬಂದವರ ಮುಂದೆಲ್ಲ ಹೇಳಿದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಮೇಡಂ ಪ್ರಶ್ನೆಯಲ್ಲಿ ಕಳ್ಳತನ ಇರಲೇ ಇಲ್ಲ. ಅದನ್ನು ಅದರೊಳಗೆ ಹಾಕಿದವಳು ನಾನು.

ನಾಳೆ ಬರುತ್ತೇನೆ ಎನ್ನುವ ತನಕ ಅವಳನ್ನು ಬಿಡಲಿಲ್ಲ. ಆದರೆ ನೋಡು, ಬುದ್ಧಿ ಬಂತು ಅನ್ನುವಷ್ಟರಲ್ಲಿ ಮತ್ತೆ ಅದೇ ಮಾಡಿದೆ. ಮರುದಿನ, ಫೋಟೋ ಕಾಣಬಾರದೆಂದು ಅವಳನ್ನು ಹಿಂದಿನ ಗೇಟಿನಿಂದ, ಮೈಲಿಗೆ ಬಟ್ಟೆಯ ಗಾಡಿ ಏರಿಸುವ ಲಿಫ್ಟಿನಲ್ಲಿ ಕರೆದುಕೊಂಡು ಬಂದೆ. ಹೊಲಸು ಬಟ್ಟೆಯ ಮೂಟೆಗಳ ನಡುವೆ ನಿಂತು ಅವಳು "ನನ್ನ ಜಾಗಕ್ಕೇ ಕರ್ಕಂಡ್ ಬಂದ್ರಿ ಬಿಡಿ ಅಕ್ಕ" ಎಂದಳು. ತಮಾಷೆಗೆ. ನನಗೆ ನಗು ಬರಲಿಲ್ಲ.

ಶೈನಿ ಮೇಡಂ ನಮ್ಮನ್ನು ಹಿಂದಿನ ಬಾಗಿಲಲ್ಲಿ ನೋಡಿ, "ಯಾಕೆ ಈ ಕಡೆಯಿಂದ?" ಎಂದರು. ನಾನು ಏನೋ ಹೇಳಲು ಬಾಯಿ ತೆರೆದೆ. ರತ್ನಮ್ಮನೇ ತಮಿಳಿನಲ್ಲಿ ಶುರು ಮಾಡಿದಳು. ಫೋಟೋ, ಲಿಫ್ಟು, ಕಾಲು, ಮಾತ್ರೆ. ಆಮೇಲೆ ಪ್ರಶ್ನೆಯ ಸಂಗತಿ. "ನೀವು ಕೇಳಿದ್ದನ್ನ ಈ ಅಕ್ಕ ಯಾವತ್ತೂ ನನಗೆ ಕೇಳ್ಲಿಲ್ಲ ಮೇಡಂ. ಮರ್ಯಾದೆ ಜಾಸ್ತಿ ಅವರಿಗೆ."

ಮೇಡಂ ನನ್ನ ಕಡೆ ತಿರುಗಿದರು. ಸಿಟ್ಟು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ, ನಾನು ನೆಲ ನೋಡುತ್ತಿದ್ದೆ.

"ಇವರೊಬ್ಬರಿಗೇನಾ?"

"ಎಲ್ಲರಿಗೂ ಮೇಡಂ" ಎಂದೆ.

ಅವರು ಮೇಜಿನ ಮೇಲಿದ್ದ ನೀರು ಕುಡಿದರು. "ಮೂರು ವರ್ಷ ನಾನು ಯಾರ ಜೊತೆ ಮಾತಾಡ್ತಿದ್ದೆ ಹಾಗಾದ್ರೆ?" ಎಂದು ತಮಗೆ ತಾವೇ ಅಂದುಕೊಂಡರು.

ಆಮೇಲೆ ರತ್ನಮ್ಮನಿಗೆ ಕುರ್ಚಿ ಹಾಕಿದರು. ನಾನೂ ನನ್ನ ಜಾಗದಲ್ಲಿ ಕೂರಲು ಹೋದೆ. ರತ್ನಮ್ಮ ಮೆಲ್ಲಗೆ, ನನ್ನನ್ನು ನೋಡದೆ, "ಅಕ್ಕ ಹೊರಗಡೆ ಇರ್ಲಿ ಮೇಡಂ. ಅವರಿದ್ರೆ ನನಗೆ ಬಾಯಿ ಬರಲ್ಲ" ಎಂದಳು.

ಹೊರಗಿನ ಬೆಂಚಿನ ಮೇಲೆ ಕೂತೆ. ಅವರು ಒಳಗೆ ಏನು ಮಾತಾಡಿದರೋ ನನಗೆ ತಿಳಿಯದು, ತಿಳಿಯಬಾರದೂ ಕೂಡ. ಬಹಳ ದಿನಗಳ ಮೇಲೆ ರತ್ನಮ್ಮ ತಾನಾಗಿಯೇ ಸ್ವಲ್ಪ ಹೇಳಿದಳು. ಎಲ್ಲರ ಊಟ ಮುಗಿದು ಮೆಸ್ಸಿನ ಬಾಗಿಲು ಹಾಕಿದ ಮೇಲೆ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು ಅನ್ನದ ತಪ್ಪಲೆಯ ತಳದಲ್ಲಿ ಉಳಿದದ್ದಕ್ಕೆ ಸಾರಿನ ತಿಳಿ ಸುರಿದು ಕಲಸಿ, ನಿಂತುಕೊಂಡೇ, ತಪ್ಪಲೆಯಿಂದಲೇ ತಿನ್ನುತ್ತಿದ್ದಳಂತೆ. ಬೆಳಗಿನಿಂದ ಯಾರೂ ಅವಳನ್ನು ಕರೆಯದ ಹೊತ್ತು ಅದೊಂದೇ. "ಅನ್ನಕ್ಕೋಸ್ಕರ ಅಲ್ಲ ಅಕ್ಕ. ಆ ಹೊತ್ತಿನಾಗೆ ಯಾರೂ ರತ್ನಮ್ಮಕ್ಕ ಅನ್ನಲ್ಲ. ಅದಕ್ಕೆ." ಮೇಡಂ ತಿನ್ನಬೇಡ ಎಂದು ಹೇಳಲಿಲ್ಲವಂತೆ. ಆ ಹೊತ್ತನ್ನು ಮಾತ್ರ ಬಿಡಬೇಡಿ, ತಪ್ಪಲೆ ಬಿಟ್ಟು ಅದನ್ನು ಬೇರೆ ಕಡೆ ತೆಗೆದುಕೊಂಡು ಹೋಗಿ ಎಂದರಂತೆ. ಈಗ ರೊಟ್ಟಿಯ ಹೆಂಗಸರು ಪಾತ್ರೆ ತೊಳೆಯುತ್ತಾರೆ, ಇವಳು ಹಿಂದಿನ ಖಾಲಿ ಸೈಟಿನಲ್ಲಿ ಫೋನು ಒಳಗಿಟ್ಟು ಒಬ್ಬಳೇ ಕೂತು ಬರುತ್ತಾಳೆ. ಕೆಲವು ದಿನ ತಪ್ಪಲೆಯೇ ಗೆಲ್ಲುತ್ತದೆ. ಗೆದ್ದ ದಿನ ಮೇಡಂಗೆ ಹೇಳುತ್ತಾಳೆ.

ಫೋಟೋ ಆ ವಾರವೇ ಇಳಿಯಿತು. ದೊಡ್ಡ ಡಾಕ್ಟ್ರು ವಾದ ಮಾಡುತ್ತಾರೆ ಎಂದು ಹೆದರಿದ್ದೆ. ಅವರು ಮೇಡಂ ಹೇಳಿದ್ದನ್ನು ಕೇಳಿ, "ಯಾರಾದ್ರೂ ಮೊದಲೇ ಹೇಳ್ಬಾರ್ದಾ?" ಎಂದರಷ್ಟೇ. ಆ ಜಾಗದಲ್ಲಿ ಮೊಳೆಯ ಗುರುತು ಮಾತ್ರ ಉಳಿಯಿತು. ಈಗ ಅಲ್ಲಿ ಗೆದ್ದವರ ಫೋಟೋ ಹಾಕುವ ಪದ್ಧತಿಯೇ ಇಲ್ಲ. ವಿಭಾಗಕ್ಕೆ ಕನ್ನಡದ ಒಬ್ಬ ಕೌನ್ಸೆಲರ್ ಕೂಡ ಬಂದರು.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಅದಕ್ಕಿಂತ ಕಷ್ಟದ್ದು ಕೊಟ್ಟರು. ನನ್ನ ಮೂಲಕ ಮಾತಾಡಿದವರಿಗೆಲ್ಲ ನಾನೇ ಫೋನು ಮಾಡಿ, ಆವತ್ತು ನಿಮಗೆ ಕೇಳಬೇಕಾದದ್ದನ್ನು ನಾನು ಕೇಳಲಿಲ್ಲ, ತಪ್ಪು ನನ್ನದು, ಬನ್ನಿ ಎಂದು ಹೇಳಬೇಕು. ಒಬ್ಬ ಅಜ್ಜಿ ನಕ್ಕು, "ನಾನು ಇಡ್ಲಿ ಹಿಟ್ಟು ಕೂಡ ಬಿಡಾಕಿಲ್ಲ ಕಣವ್ವ, ಹಸೀದೇ ನೆಕ್ತೀನಿ, ಈಗ ಕೇಳ್ತಿದ್ದೀಯ" ಎಂದಳು. ಆಕೆ ಬಂದಳು. ಕೆಲವರು ಬಂದರು. ಕೆಲವರ ನಂಬರು ಬೇರೆಯವರದಾಗಿತ್ತು. ಕೆಲವರು ಅವರೇ ಎತ್ತಿ, ಅವರಲ್ಲ ಎಂದರು. ಒಬ್ಬರ ಮನೆಯಲ್ಲಿ ಮಗ ಎತ್ತಿ, ಅಮ್ಮ ತೀರಿಕೊಂಡು ಆರು ತಿಂಗಳಾಯಿತು ಎಂದ. ಯಾವುದರಿಂದ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನೂ ಕೇಳಲಿಲ್ಲ ನೋಡು.

ಕಾವ್ಯಾ, ನಿನ್ನ ಆಸ್ಪತ್ರೆಯಲ್ಲೂ ನನ್ನಂಥ ಒಬ್ಬಳು ನಿನ್ನ ಪಕ್ಕ ಕೂರುತ್ತಾಳೆ. ಎಲ್ಲ ಭಾಷೆ ನಿನಗೆ ಬರುವುದಿಲ್ಲ. ನೀನು ಉದ್ದ ಕೇಳಿದ್ದನ್ನು ಅವಳು ಗಿಡ್ಡ ಮಾಡಿದರೆ, ಕೆಲಸ ನಿಲ್ಲಿಸಿ, ಏನು ಬಿಟ್ಟೆ ಎಂದು ಕೇಳು. ರೇಗಬೇಡ. ಅವಳು ಸೋಮಾರಿಯಾಗಿ ಬಿಟ್ಟಿರುವುದಿಲ್ಲ, ಅವಳಿಗೆ ಅಲ್ಲೇ ಏನೋ ಚುಚ್ಚಿರುತ್ತದೆ. ಮತ್ತೆ, ಬಂದವರಿಗೆ ಯಾವ ಯಾವ ಭಾಷೆ ಬರುತ್ತದೆ ಎಂದು ಮೊದಲೇ ಕೇಳಿಕೋ. ನಾನು ಒಂದು ಸಲವೂ ಕೇಳಿರಲಿಲ್ಲ.

ನಾನು ಕೆಲಸ ಬಿಡುವ ತಿಂಗಳು ರತ್ನಮ್ಮ ಕಾಲು ತೋರಿಸಲು ಬಂದಿದ್ದಳು. ನರದ ಇಂಜೆಕ್ಷನ್ ಶುರುವಾಗಿ ಬಹಳ ತಿಂಗಳಾಗಿತ್ತು. ತೂಕ ಮೊದಲಿನಷ್ಟು ಇಳಿದಿರಲಿಲ್ಲ, ಏರುವುದು ನಿಂತಿತ್ತು. ಮುಂದಿನ ಲಿಫ್ಟಿನಲ್ಲಿ ಬಂದಳು, ತೂಕದ ಕೋಣೆಯಲ್ಲಿ ಅಂಕಿ ತೋರಿಸಿ ಎಂದು ಕೇಳಿ ನೋಡಿಕೊಂಡಳು. ಆಮೇಲೆ ದೊಡ್ಡ ಡಾಕ್ಟ್ರ ಕೋಣೆಗೆ ಹೋದಳು. ನಾನು ಕೇಳದೆಯೇ ಹೊರಗೆ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಡಾಕ್ಟ್ರು ಹತ್ತಿಯ ಎಳೆಯಿಂದ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗುವುದು ಗೊತ್ತಾಗುತ್ತಿತ್ತು.

"ಕಣ್ಣು ಮುಚ್ಕೊಂಡಿರಿ ಅಮ್ಮ. ಮುಟ್ಟಿದ್ದು ಗೊತ್ತಾದ್ರೆ ಊಂ ಅನ್ನಿ."

"ಊಂ" ಎಂದಳು ರತ್ನಮ್ಮ. ಮತ್ತೆ "ಊಂ". ಬಲಗಾಲು ಪೂರ್ತಿ ಆಯಿತು. ನಾನು ಬೆಂಚಿನ ಅಂಚು ಹಿಡಿದುಕೊಂಡು ಕೇಳುತ್ತಿದ್ದೆ. ಎಡಗಾಲಿನ ಹೆಬ್ಬೆರಳಿಗೆ ಊಂ ಬಂತು. ಮುಂದಿನ ಎರಡಕ್ಕೆ ತಡವಾಗಿ ಬಂತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ಈಗ?" ಎಂದರು ಡಾಕ್ಟ್ರು.

"ಮುಟ್ಟಿದ್ರಾ ಸಾರ್?" ಎಂದಳು ರತ್ನಮ್ಮ.